ಸಾ ಎಲ್ಲಿದೆ? ಹೊಸ ಜಾಝ್ ಆಲ್ಬಮ್ ಕೇಳುವವರಿಗೆ

ಕಾಗವಾಡದಿಂದ ಗಡಿ ದಾಟಿದರೆ ಸಿಗುವ ದೊಡ್ಡ ಊರು ಮಿರಜ್. ಒಂದು ಕಾಲಕ್ಕೆ ಆಯುಧ ಮಾಡುತ್ತಿದ್ದ ಅಲ್ಲಿನ ಶಿಕಲಗಾರ ಮನೆತನಗಳು 19ನೇ ಶತಮಾನದಲ್ಲಿ ತಂತಿವಾದ್ಯದ ಕೆಲಸಕ್ಕೆ ಕೈಹಾಕಿದವು. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆಬುರುಡೆಗಳಿಂದ ಅವರು ಮಾಡುವ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ ನೆಲೆಸಿದ್ದು ಈ ಊರಲ್ಲಿ. 1937ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದೂ ಇಲ್ಲೇ. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಭಾಗದ ಸಂಗೀತಪ್ರಿಯರ ಕಿವಿ ಹದಗೊಂಡದ್ದು ಇಂಥ ತಂಬೂರಿಯ ನಾದದಲ್ಲಿ. ಹೊಸ ಜಾಝ್ ಆಲ್ಬಮ್ ಹಚ್ಚಿದರೆ ಈ ಕಿವಿಗೆ ಅದು ಬರೀ ಗದ್ದಲ ಅನ್ನಿಸೀತು. ಆದರೆ ಜಾಝ್ ಒಳಗೆ ಹೋಗುವ ದಾರಿ ತೋರಿಸುವುದೂ ಇದೇ ಕಿವಿ.

ನಿಂತ ಸಾ, ನಡೆಯುವ ಸಾ

ನಮ್ಮ ಗಾಯನದಲ್ಲಿ ಒಮ್ಮೆ ತಂಬೂರಿ ಶ್ರುತಿಗೂಡಿತೆಂದರೆ ಷಡ್ಜ ಕದಲುವುದಿಲ್ಲ. ಆಲಾಪ, ತಾನು, ಸರಗಮ್ ಎಲ್ಲಿಗೇ ಹೋದರೂ ಆ ಸಾಗೆ ಮರಳಬೇಕು. ಜಾಝ್‌ನಲ್ಲಿ ಸಾ ಕೂಡ ನಡೆಯುತ್ತದೆ. ಪಿಯಾನೋ ಅಥವಾ ಗಿಟಾರ್‌ನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಬದಲಾದ ಹಾಗೆ ಸ್ವರಗಳ ನೆಲೆ ಜಾಗ ಬದಲಿಸುತ್ತದೆ. ನುಡಿಸುವವರು ಅದರ ಬೆನ್ನು ಹತ್ತಿ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟುತ್ತ ಹೋಗಬೇಕು.

ಭಜನಾ ಮೇಳದ ಪೇಟಿ ಮಾಸ್ತರರಿಗೆ ಇದು ಬೇಗ ತಿಳಿಯುತ್ತದೆ. ಬಿಳಿ ಏಳರಲ್ಲಿ ಹಾಡು ಶುರುವಾಯಿತೆನ್ನಿ. ಎರಡು ಮಾತ್ರೆ ಕಳೆಯುವುದರೊಳಗೆ ಸಾ ಬಿಳಿ ಐದಕ್ಕೆ ಇಳಿಯಿತು, ಇನ್ನೂ ನಾಲ್ಕು ಮಾತ್ರೆಗೆ ಕರಿ ಎರಡಕ್ಕೆ. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 1959ರಲ್ಲಿ ಧ್ವನಿಮುದ್ರಿಸಿದ ‘ಜೈಂಟ್ ಸ್ಟೆಪ್ಸ್’ ಓಡಾಡುವುದು ಈ ಮೂರು ಮನೆಗಳ ನಡುವೆ. ಸಪ್ತಕದ ಹನ್ನೆರಡು ಸ್ವರಸ್ಥಾನಗಳನ್ನು ಸಮನಾಗಿ ಮೂರು ಭಾಗ ಮಾಡಿದರೆ ಸಿಗುವ ಮನೆಗಳಿವು. ತಲಾ ನಾಲ್ಕು ಮಾತ್ರೆಗಳ ಹದಿನಾರು ಬಾರ್‌ಗಳ ಒಂದು ಸುತ್ತು ಸುಮಾರು 13 ಸೆಕೆಂಡಿನಲ್ಲಿ ಮುಗಿದುಬಿಡುತ್ತದೆ. ಆ ವೇಗಕ್ಕೆ ಪಿಯಾನೋ ವಾದಕ ಟಾಮಿ ಫ್ಲಾನಗನ್‌ರಂಥ ನುರಿತವರೂ ತಡವರಿಸಿದ್ದು ಮುದ್ರಿಕೆಯಲ್ಲೇ ಕೇಳಿಸುತ್ತದೆ.

ಅದೇ 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ‘ಕೈಂಡ್ ಆಫ್ ಬ್ಲೂ’ ತಂದರು. ಅದರಲ್ಲಿ ನುಡಿಸಿದವರಲ್ಲಿ ಕೋಲ್ಟ್ರೇನ್ ಕೂಡ ಒಬ್ಬರು. ಅಲ್ಲಿ ಮಾತ್ರ ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಂತು ಬೆಳೆಸುವ ಕ್ರಮ. ರಾಗ ಬೆಳೆಸುವುದನ್ನು ಬಲ್ಲವರಿಗೆ ಇದು ಹತ್ತಿರದ ದಾರಿ.

ಬೆಂಗಳೂರಿನಿಂದ ಎರಡು ಆಲ್ಬಮ್

ಈ ಎರಡೂ ದಾರಿಗಳನ್ನು ಬಲ್ಲ ಕನ್ನಡ ನೆಲದ ಹೊಸ ತಲೆಮಾರಿನ ಗಾಯಕಿ ವಾರಿಜಶ್ರೀ ವೇಣುಗೋಪಾಲ್. ಕೊಳಲು ವಾದಕ ಎಚ್.ಎಸ್. ವೇಣುಗೋಪಾಲ್ ಅವರ ಮಗಳು. ಕರ್ನಾಟಕ ಸಂಗೀತದಲ್ಲಿ ಪಳಗಿದವರು. ‘ಜೈಂಟ್ ಸ್ಟೆಪ್ಸ್’ ಅನ್ನು ಅವರು ಸರಿಗಮಗಳಲ್ಲಿ ಹಾಡಿದ ವಿಡಿಯೋ ಜಗತ್ತಿನ ಜಾಝ್ ವಾದಕರ ಗಮನ ಸೆಳೆಯಿತು. ಇದು ಏಕೆ ದೊಡ್ಡದು? ಆ ಮೂರು ಮನೆಗಳ ಸ್ವರಗಳನ್ನು ಕೂಡಿಸಿದರೆ ಹನ್ನೆರಡಕ್ಕೆ ಹನ್ನೆರಡೂ ಬರುತ್ತವೆ. ಯಾವ ರಾಗದ ಆಸರೆಯೂ ಇಲ್ಲದೆ, ಆ ಓಟದಲ್ಲಿ ಒಂದೊಂದನ್ನೂ ಹೆಸರಿಟ್ಟು ಶ್ರುತಿ ತಪ್ಪದೆ ಹಾಡಬೇಕು. 2024ರಲ್ಲಿ ಅವರ ‘ವಾರಿ’ ಆಲ್ಬಮ್ ಅಮೆರಿಕದ ಗ್ರೌಂಡ್‌ಅಪ್ ಸಂಸ್ಥೆಯಿಂದ ಹೊರಬಂತು. ನಿರ್ಮಾಣ ಸ್ನಾರ್ಕಿ ಪಪ್ಪಿ ತಂಡದ ಮೈಕೆಲ್ ಲೀಗ್ ಅವರದು.

ಇದಕ್ಕಿಂತ ನಾಲ್ಕು ದಶಕ ಹಿಂದೆಯೇ ಒಂದು ಹಾದಿ ಬಿದ್ದಿತ್ತು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಬೆಂಗಳೂರಿನಲ್ಲಿ ಕಟ್ಟಿ ಬೆಳೆಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಹಾಡಿದವರು ಆರ್.ಎ. ರಮಾಮಣಿ. ಮರಿಯಾನೊ ಬರೀ ಅತಿಥಿಯಾಗಿ ಬಂದು ನುಡಿಸಿ ಹೋದವರಲ್ಲ, ದಕ್ಷಿಣದ ನಾಗಸ್ವರವನ್ನೂ ಕಲಿತವರು. ಇಲ್ಲಿ ಪಿಯಾನೋ ಬಂದು ನಮ್ಮ ಷಡ್ಜವನ್ನು ಎಳೆದಾಡುವುದಿಲ್ಲ. ಸ್ಯಾಕ್ಸೋಫೋನೇ ನಮ್ಮ ಶ್ರುತಿಯೊಳಗೆ ಕೂತು ಮಾತಾಡುತ್ತದೆ.

ಕೇಳುವ ಕ್ರಮ

ಹೊಸಬರ ಆಲ್ಬಮ್ ಕೈಗೆ ಬಂದಾಗ ಮೊದಲು ಮೇಲಿನ ರಾಗ ಬಿಟ್ಟು ಕೆಳಗಿನ ಬೇಸ್ ಕೇಳಿ. ಸಾ ಎಲ್ಲಿದೆ, ಯಾವಾಗ ಜಾಗ ಬಿಟ್ಟಿತು ಎಂದು ಹೇಳುವುದು ಅದೇ. ಮೊದಲಿಗೆ ಬರುವ ಧಾಟಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ಖಯಾಲಿನ ಸ್ಥಾಯಿಯಂತೆ ಅದು ಕೊನೆಗೆ ಮರಳುತ್ತದೆ, ನಡುವಿನದೆಲ್ಲ ವಾದಕರ ಸ್ವಂತ ವಿಸ್ತಾರ. ಕೈಯಲ್ಲಿ ತಾಳ ಹಾಕುತ್ತ ಕೂತರೆ ಸುತ್ತು ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂಬುದು ಸಿಗುತ್ತದೆ. ಸಮ್ ಹಿಡಿಯುವ ಅಭ್ಯಾಸ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ‘ಕೈಂಡ್ ಆಫ್ ಬ್ಲೂ’, ಆಮೇಲೆ ‘ಜ್ಯೋತಿ’, ‘ವಾರಿ’, ಕೊನೆಗೆ ‘ಜೈಂಟ್ ಸ್ಟೆಪ್ಸ್’: ಈ ಸರದಿಯಲ್ಲಿ ಹೋದರೆ ಏರು ಕಡಿದಾಗುವುದಿಲ್ಲ.

ಇಷ್ಟಾದ ಮೇಲೆ ಹೊಸಬರನ್ನು ಅಳೆಯಲು ವೇಗವೊಂದೇ ಸಾಲದು ಎಂಬುದು ತಾನಾಗಿ ತಿಳಿಯುತ್ತದೆ. ಬರೀ ತಾನುಗಳನ್ನು ಹೊಡೆದವರನ್ನು ನಮ್ಮ ಭಾಗದ ರಸಿಕರು ಎಂದೂ ದೊಡ್ಡ ಗವಾಯಿ ಎಂದವರಲ್ಲ. ಸಾ ಜಾಗ ಬಿಟ್ಟಾಗಲೂ ಹೇಳಬೇಕಾದ ಮಾತು ಬಿಟ್ಟುಹೋಗದಂತೆ ನೋಡಿಕೊಳ್ಳುವ ವಾದಕ ಸಿಕ್ಕರೆ, ಅವರ ಎರಡನೇ ಆಲ್ಬಮ್‌ಗೂ ಕಾಯಬಹುದು.