ಬೇಳೆ ಬೆಂದರಷ್ಟೇ ಸಾಲದು

ಗದಗ ಸೀಮೆಯಲ್ಲಿ ನೀರಿನ ಪರೀಕ್ಷೆ ಒಲೆಯ ಮೇಲೇ ನಡೆಯುತ್ತದೆ. ತೊಗರಿಬೇಳೆ ಬೇಗ ಬೆಂದರೆ ಸಿಹಿನೀರು. ಎಷ್ಟು ಕುದಿಸಿದರೂ ಗಟ್ಟಿಯಾಗಿಯೇ ಉಳಿದರೆ ಸವಳು. ಈ ಲೆಕ್ಕಾಚಾರಕ್ಕೆ ಆಧಾರವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಬೇಳೆಯ ಪೆಕ್ಟಿನ್ ಜೊತೆ ಬೆಸೆದುಕೊಂಡು ಬೇಳೆ ಮೆತ್ತಗಾಗದಂತೆ ತಡೆಯುತ್ತದೆ.

ಆದರೆ ಮುಂಡರಗಿ, ಶಿರಹಟ್ಟಿ ಕಡೆಯ ಹಲವು ಬೋರ್‌ವೆಲ್‌ಗಳಲ್ಲಿರುವ ಫ್ಲೋರೈಡ್ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವ ನೀರಿನಲ್ಲಿರುವ ಪ್ರಮಾಣಕ್ಕೆ ರುಚಿಯೂ ಇಲ್ಲ. ಸಾಲದ್ದಕ್ಕೆ, ಕ್ಯಾಲ್ಸಿಯಂ ಕಡಿಮೆ ಇರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗಿರಬಲ್ಲದು. ಬೇಳೆಯನ್ನು ಚೆನ್ನಾಗಿ ಬೇಯಿಸುವ ನೀರೇ ಹಲ್ಲು, ಮೂಳೆಗಳಿಗೆ ಕುತ್ತು ತರಬಹುದು.

ಮೂಲ ಇರುವುದು ಕಲ್ಲಿನಲ್ಲಿ. ಗ್ರಾನೈಟ್, ನೈಸ್ ಶಿಲೆಗಳಲ್ಲಿ ಫ್ಲೋರೈಟ್, ಅಪಟೈಟ್, ಬಯೊಟೈಟ್ ಎಂಬ ಫ್ಲೋರಿನ್‌ಯುಕ್ತ ಖನಿಜಗಳಿರುತ್ತವೆ. ಇಂಗಿದ ಮಳೆನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಇವುಗಳನ್ನು ಕರಗಿಸುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಫ್ಲೋರೈಡ್ ಅದರೊಂದಿಗೆ ಸೇರಿ ಮತ್ತೆ ಹರಳಾಗುತ್ತದೆ, ಇಲ್ಲವಾದರೆ ನೀರಲ್ಲೇ ಉಳಿಯುತ್ತದೆ. ಮಳೆ ಕೈಕೊಟ್ಟಾಗ ಬೋರ್ ಇನ್ನಷ್ಟು ಆಳಕ್ಕಿಳಿಯುತ್ತದೆ. ಅಲ್ಲಿ ಸಿಗುವುದು ಕಲ್ಲಿನ ಜೊತೆ ಬಹುಕಾಲ ಕಳೆದ ಹಳೆಯ ನೀರು. ಹೀಗಾಗಿ ಇಲ್ಲಿ ನೀರಿನ ಕೊರತೆಯೂ ನೀರಿನ ಕೆಡುಕೂ ಒಂದೇ ಸಮಸ್ಯೆ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದು. ಅದು ಮೀರಿದರೆ ಮೊದಲು ಬಲಿಯಾಗುವವರು ಮಕ್ಕಳು. ಒಸಡಿನೊಳಗೆ ಹಲ್ಲಿನ ಕವಚ ರೂಪುಗೊಳ್ಳುವ ಎಳವೆಯಲ್ಲೇ ಹಾನಿಯಾಗಿ, ಹಲ್ಲು ಹುಟ್ಟಿದಾಗ ಸುಣ್ಣದಂಥ ಬಿಳಿ ಮಚ್ಚೆ, ಮುಂದೆ ಕಂದು ಪಟ್ಟಿ ಕಾಣುತ್ತದೆ. ಇದು ಉಜ್ಜಿದರೆ ಹೋಗುವ ಕಲೆಯಲ್ಲ. ಇನ್ನೂ ಹೆಚ್ಚು ಪ್ರಮಾಣ ವರ್ಷಾನುಗಟ್ಟಲೆ ಒಳಸೇರಿದರೆ ಕೀಲು ಹಿಡಿಯುತ್ತದೆ, ಬೆನ್ನು ಬಾಗುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದು ದಟ್ಟವಾಗುತ್ತದೆ.

ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು ಆರ್‌ಒ ಪೊರೆಯಿಂದ ಫ್ಲೋರೈಡನ್ನು ತಡೆಯುತ್ತವೆ. ಅವು ಬೇಕೇ ಬೇಕು. ಆದರೆ ಪೊರೆ ತಡೆದ ಫ್ಲೋರೈಡ್ ಹೊರಬಿಡುವ ನೀರಿನಲ್ಲಿ ಇನ್ನಷ್ಟು ದಟ್ಟವಾಗಿರುತ್ತದೆ. ಅದನ್ನು ಮೋರಿಗೆ ಬಿಟ್ಟರೆ ಮತ್ತೆ ನೆಲಕ್ಕೇ ಸೇರುತ್ತದೆ. ಇನ್ನೊಂದು ದಾರಿ ತುಂಗಭದ್ರೆ. ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬಳಿ ಬ್ಯಾರೇಜ್ ಇದೆ. ಗದಗ-ಬೆಟಗೇರಿ ಕುಡಿಯುವುದೂ ಈ ನದಿಯ ನೀರನ್ನೇ. ಆದರೂ ಅವಳಿ ನಗರದ ನಳಗಳಿಗೆ ದಿನಗಟ್ಟಲೆ ನೀರು ಬಾರದ ಬೇಸಿಗೆಗಳುಂಟು. ಆಗ ಜನ ಮತ್ತೆ ಬೋರಿನ ಕಡೆಗೇ ಹೋಗಬೇಕಾಗುತ್ತದೆ.

ಆದ್ದರಿಂದ ಕೆರೆಗಳ ಹೂಳೆತ್ತುವುದನ್ನು ಸಾರ್ವಜನಿಕ ಆರೋಗ್ಯದ ಕೆಲಸವೆಂದೇ ಎಣಿಸಬೇಕು. ಹೊಸ ಮಳೆನೀರು ಇಂಗಿ ಬಾವಿಗೆ ಸೇರಿದರೆ ಫ್ಲೋರೈಡ್ ತೆಳುವಾಗುತ್ತದೆ. ಈ ಸೀಮೆಗೆ ನೀರು ಹಿಡಿದಿಡುವುದು ಹೊಸದೇನಲ್ಲ: ಲಕ್ಕುಂಡಿಯಲ್ಲಿ ಮುಸುಕಿನ ಬಾವಿಯಿದೆ, ಡಂಬಳದಲ್ಲಿ ದೊಡ್ಡ ಕೆರೆಯಿದೆ. ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಮಾಗಡಿ ಕೆರೆಗೆ 2024ರಲ್ಲಿ ಜೌಗುಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು.

ಕೆರೆಗಳ ಹೂಳು ತೆಗೆದು ಹೊಸ ನೀರು ಇಂಗುವವರೆಗೆ ಪ್ರತಿ ಬೋರಿನ ನೀರನ್ನೂ ಪರೀಕ್ಷಿಸಲೇಬೇಕು. ಪರೀಕ್ಷಾ ಕಿಟ್‌ನಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಬೆರೆತ ಕೆಂಪು ದ್ರಾವಣವಿರುತ್ತದೆ. ಕೆಲವು ಹನಿ ಹಾಕಿದಾಗ ನೀರು ಗುಲಾಬಿಯಾಗಿಯೇ ಉಳಿದರೆ ಫ್ಲೋರೈಡ್ ಕಡಿಮೆ. ಹಳದಿಗೆ ತಿರುಗಿದಷ್ಟೂ ಹೆಚ್ಚು. ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ನೋಡಬೇಕು, ಏಕೆಂದರೆ ಒಂದೇ ಬೋರಿನ ನೀರು ಎರಡು ಋತುಗಳಲ್ಲಿ ಎರಡು ಬಣ್ಣ ತೋರಿಸಬಹುದು.