ಸೈಕಲ್ ಚಕ್ರ ಕಟ್ಟುವಿಕೆ

ಸೈಕಲ್ ಚಕ್ರ ಕಟ್ಟುವಿಕೆ ಎಂದರೆ ಹಬ್, ಕಡ್ಡಿ, ನಿಪ್ಪಲ್ ಮತ್ತು ರಿಮ್ ಎಂಬ ನಾಲ್ಕು ಬಗೆಯ ಬಿಡಿಭಾಗಗಳನ್ನು ಜೋಡಿಸಿ, ಕಡ್ಡಿಗಳನ್ನು ಸಮನಾಗಿ ಬಿಗಿದು, ಓಲಾಡದೆ ತಿರುಗುವ ಚಕ್ರವನ್ನು ಸಿದ್ಧಪಡಿಸುವ ಕೆಲಸ. ಬಳಕೆಯಲ್ಲಿ ಸೊಟ್ಟಗಾದ ಚಕ್ರವನ್ನು ಮತ್ತೆ ನೇರಗೊಳಿಸುವುದೂ ಇದೇ ಕೆಲಸದ ಭಾಗವಾಗಿದ್ದು, ಆಡುಮಾತಿನಲ್ಲಿ ಇದಕ್ಕೆ 'ಬೆಂಡ್ ತೆಗೆಯುವುದು' ಎನ್ನುತ್ತಾರೆ. ಸೈಕಲ್ ಚಕ್ರದ ಬಲವು ಅದರ ಭಾಗಗಳ ದಪ್ಪಕ್ಕಿಂತ ಹೆಚ್ಚಾಗಿ ಕಡ್ಡಿಗಳಲ್ಲಿ ಮೊದಲೇ ತುಂಬಿದ ಬಿಗಿತವನ್ನು ಅವಲಂಬಿಸಿದೆ. ಬಂಡೆ, ಗೋಡೆಗಳ ಮೇಲಿಂದ ಧುಮುಕುವ ಟ್ರಯಲ್ಸ್ ಸೈಕಲ್‌ಗಳಲ್ಲಿಯೂ, ಹೊರೆ ಹೊರುವ ಹಳ್ಳಿಯ ಸೈಕಲ್‌ಗಳಲ್ಲಿಯೂ ಈ ತತ್ತ್ವ ಒಂದೇ ಆಗಿದೆ.

ಇತಿಹಾಸ

ಮರದ ಚಕ್ರಗಳಲ್ಲಿ ಅರೆಗಳು ಭಾರವನ್ನು ಕಂಬಗಳಂತೆ ಹೊರುತ್ತವೆ. ಇದಕ್ಕೆ ಬದಲಾಗಿ ತೆಳುವಾದ ತಂತಿಗಳ ಎಳೆತದಿಂದಲೇ ಚಕ್ರವನ್ನು ನಿಲ್ಲಿಸಬಹುದೆಂಬ ಕಲ್ಪನೆಯನ್ನು ಇಂಗ್ಲೆಂಡಿನ ಜಾರ್ಜ್ ಕೇಲಿ 1808ರಲ್ಲಿ ಮುಂದಿಟ್ಟನು. ಹಾರುವ ಯಂತ್ರಕ್ಕೆ ಹಗುರವಾದ ಚಕ್ರವನ್ನು ರೂಪಿಸುವುದು ಅವನ ಉದ್ದೇಶವಾಗಿತ್ತು. ಪ್ಯಾರಿಸಿನ ಯೂಜೀನ್ ಮೇಯರ್ 1869ರಲ್ಲಿ ತಂತಿ ಕಡ್ಡಿಗಳ ಸೈಕಲ್ ಚಕ್ರಕ್ಕೆ ಪೇಟೆಂಟ್ ಪಡೆದನು. ಆರಂಭದ ಚಕ್ರಗಳಲ್ಲಿ ಕಡ್ಡಿಗಳು ಹಬ್‌ನಿಂದ ನೇರವಾಗಿ ಹೊರಕ್ಕೆ ಸಾಗುತ್ತಿದ್ದವು. ಇಂಗ್ಲೆಂಡಿನ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ಕಡ್ಡಿಗಳು ಹಬ್‌ನ ಅಂಚಿಗೆ ಸ್ಪರ್ಶರೇಖೆಯಂತೆ ಓರೆಯಾಗಿ ಹೊರಟು ಒಂದನ್ನೊಂದು ಹಾಯುತ್ತವೆ. ಇಂದಿನ ಬಹುಪಾಲು ಸೈಕಲ್‌ಗಳಲ್ಲಿ ಈ ಜೋಡಣೆಯೇ ಉಳಿದುಕೊಂಡಿದೆ.

ಭಾಗಗಳು

* ಹಬ್: ಚಕ್ರದ ನಡುವಿನ ಗುಂಬ. ಅಚ್ಚು ಮತ್ತು ಬೇರಿಂಗ್‌ಗಳು ಇದರೊಳಗಿರುತ್ತವೆ. ಇದರ ಎರಡು ಬದಿಯ ಬಿಲ್ಲೆಗಳಲ್ಲಿ ಕಡ್ಡಿಗಳಿಗಾಗಿ ರಂಧ್ರಗಳಿರುತ್ತವೆ.
* ಕಡ್ಡಿ: ಉಕ್ಕಿನ ತಂತಿ. ಒಂದು ತುದಿಯಲ್ಲಿ ಬಾಗಿದ ಕತ್ತು ಮತ್ತು ತಲೆ, ಇನ್ನೊಂದು ತುದಿಯಲ್ಲಿ ತಿರುಪು ಗೆರೆಗಳಿರುತ್ತವೆ. 14 ಗೇಜ್ ಕಡ್ಡಿಯ ದಪ್ಪ 2 ಮಿ.ಮೀ.
* ನಿಪ್ಪಲ್: ರಿಮ್‌ನ ರಂಧ್ರದಲ್ಲಿ ಕುಳಿತು ಕಡ್ಡಿಯನ್ನು ಹಿಡಿದೆಳೆಯುವ ಉದ್ದನೆಯ ನಟ್ಟು. ಇದನ್ನು ಹಿತ್ತಾಳೆ ಅಥವಾ ಅಲ್ಯೂಮಿನಿಯಂನಿಂದ ಮಾಡುತ್ತಾರೆ.
* ರಿಮ್: ಟೈರನ್ನು ಹಿಡಿದಿಡುವ ಉಕ್ಕಿನ ಅಥವಾ ಅಲ್ಯೂಮಿನಿಯಂ ಬಳೆ. ಇದರ ರಂಧ್ರಗಳು ಸರದಿಯಂತೆ ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ಸರಿದಿರುತ್ತವೆ.

ಭಾರ ಹೊರುವ ಬಗೆ

ಎತ್ತಿನಗಾಡಿಯ ಚಕ್ರದಲ್ಲಿ ನೆಲದ ಕಡೆಗಿರುವ ಮರದ ಅರೆಯು ಒತ್ತಡವನ್ನು ತಾಳಿಕೊಂಡು ಗುಂಬವನ್ನು ಎತ್ತಿ ಹಿಡಿಯುತ್ತದೆ. ಸೈಕಲ್ ಕಡ್ಡಿಯನ್ನು ತುದಿಯಿಂದ ಒತ್ತಿದರೆ ಅದು ಬಾಗಿಬಿಡುತ್ತದೆ. ಎಳೆದರೆ ಮಾತ್ರ ಬಲವಾಗಿ ನಿಲ್ಲುತ್ತದೆ. ಹೀಗಿದ್ದೂ ಅಂತಹ ಕಡ್ಡಿಗಳ ಚಕ್ರವು ಮನುಷ್ಯನ ಭಾರವನ್ನು ಹೇಗೆ ಹೊರುತ್ತದೆ ಎಂಬುದು ಸೈಕಲ್ ಬಳಕೆದಾರರಲ್ಲಿ ಹಳೆಯ ಚರ್ಚೆಯ ವಿಷಯವಾಗಿದೆ. ಹಬ್ ಮೇಲಿನ ಕಡ್ಡಿಗಳಿಂದ ತೂಗುಬಿದ್ದಿದೆ ಎಂದು ಕೆಲವರೂ, ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆ ಎಂದು ಕೆಲವರೂ ವಾದಿಸುತ್ತಾರೆ.

ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಪ್ರಕಟವಾದ 'ದಿ ಬೈಸಿಕಲ್ ವೀಲ್' ಕೃತಿಯಲ್ಲಿ ಈ ಪ್ರಶ್ನೆಯನ್ನು ಲೆಕ್ಕಾಚಾರದ ಮೂಲಕ ಪರಿಶೀಲಿಸಿದರು. ಭಾರ ಬಿದ್ದಾಗ ಮೇಲಿನ ಕಡ್ಡಿಗಳ ಎಳೆತದಲ್ಲಿ ಹೇಳಿಕೊಳ್ಳುವಷ್ಟು ಏರಿಕೆಯಾಗುವುದಿಲ್ಲ. ನೆಲಕ್ಕೆ ತಾಕಿದ ಭಾಗದ ಕೆಲವೇ ಕಡ್ಡಿಗಳಲ್ಲಿ ಎಳೆತವು ಗಣನೀಯವಾಗಿ ಇಳಿಯುತ್ತದೆ. ಎಲ್ಲ ಕಡ್ಡಿಗಳೂ ಮೊದಲೇ ಬಿಗಿಯಾಗಿರುವುದರಿಂದ, ಎಳೆತದಲ್ಲಾಗುವ ಈ ಇಳಿಕೆಯು ಒತ್ತಡವನ್ನು ತಾಳಿಕೊಂಡಷ್ಟೇ ಪರಿಣಾಮವನ್ನು ಉಂಟುಮಾಡುತ್ತದೆ. ಆ ಅರ್ಥದಲ್ಲಿ ಚಕ್ರವು ಕೆಳಗಿನ ಕಡ್ಡಿಗಳ ಮೇಲೆ ನಿಂತಿದೆ ಎಂದು ಬ್ರಾಂಟ್ ವಿವರಿಸಿದರು. ಆದರೆ ಆ ಕಡ್ಡಿಗಳಲ್ಲಿ ಎಳೆತ ಇನ್ನೂ ಉಳಿದಿರುವವರೆಗೆ ಮಾತ್ರ ಅವು ಈ ಕೆಲಸ ಮಾಡಬಲ್ಲವು. 'ತೂಗು', 'ನಿಲ್ಲು' ಎಂಬ ಪದಗಳ ಆಯ್ಕೆಯ ಬಗ್ಗೆ ವಾದ ಮುಂದುವರಿದಿದ್ದರೂ, ಎಳೆತವು ಎಲ್ಲಿ, ಎಷ್ಟು ಬದಲಾಗುತ್ತದೆ ಎಂಬುದನ್ನು ಅಳೆದು ತಿಳಿಯಬಹುದಾಗಿದೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಭಾರದ ಪೆಟ್ಟಿಗೆ ಕಡ್ಡಿಗಳು ಪೂರ್ತಿ ಸಡಿಲಗೊಂಡರೆ ರಿಮ್‌ಗೆ ಆಸರೆ ತಪ್ಪಿ ಚಕ್ರವು ಹಪ್ಪಳದಂತೆ ಮುರುಟಬಹುದು. ಎರಡನೆಯದು, ಚಕ್ರದ ಪ್ರತಿಯೊಂದು ಸುತ್ತಿನಲ್ಲಿಯೂ ಪ್ರತಿ ಕಡ್ಡಿಯ ಎಳೆತವು ಒಮ್ಮೆ ಇಳಿದು ಮತ್ತೆ ಏರುತ್ತದೆ. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್ ಇರುವುದರಿಂದ, ಒಂದು ಕಿಲೋಮೀಟರ್ ದಾರಿಯಲ್ಲಿ ಇದು ಸುಮಾರು 450 ಬಾರಿ ನಡೆಯುತ್ತದೆ. ಕಡ್ಡಿಗಳು ತುಂಡಾಗಲು ಮುಖ್ಯ ಕಾರಣ ಈ ಪುನರಾವರ್ತನೆಯಿಂದ ಲೋಹಕ್ಕೆ ಉಂಟಾಗುವ ದಣಿವು. ಅವು ಹೆಚ್ಚಾಗಿ ಹಬ್‌ನ ಬಳಿಯ ಬಾಗಿದ ಕತ್ತಿನಲ್ಲಿ ಮುರಿಯುತ್ತವೆ. ಸಡಿಲ ಕಡ್ಡಿಯ ಕತ್ತು ರಂಧ್ರದಲ್ಲಿ ಅಲುಗಾಡುವುದರಿಂದ ಬೇಗನೆ ಮುರಿಯುವ ಸಾಧ್ಯತೆ ಹೆಚ್ಚು.

ಕಡ್ಡಿಯ ಉದ್ದ

ಕಡ್ಡಿ ಗಿಡ್ಡವಾದರೆ ನಿಪ್ಪಲ್‌ನ ತಿರುಪಿಗೆ ಸಾಕಷ್ಟು ಹಿಡಿತ ಸಿಗುವುದಿಲ್ಲ; ಉದ್ದವಾದರೆ ತುದಿಯು ಹೊರಚಾಚಿ ಟ್ಯೂಬನ್ನು ಚುಚ್ಚಬಹುದು. ಆದುದರಿಂದ ಕಟ್ಟುವ ಮೊದಲು ಉದ್ದವನ್ನು ಈ ಸೂತ್ರದಿಂದ ಲೆಕ್ಕ ಹಾಕಲಾಗುತ್ತದೆ:

ಉದ್ದ = √(ರಿ² + ಹ² + ಅ² − 2 × ರಿ × ಹ × ಕೊಸೈನ್ ಕೋ) − ರಂ

ಇಲ್ಲಿ 'ರಿ' ಎಂಬುದು ನಿಪ್ಪಲ್ ಕೂರುವ ಮಟ್ಟದಲ್ಲಿ ರಿಮ್‌ನ ತ್ರಿಜ್ಯ. 'ಹ' ಎಂಬುದು ಹಬ್‌ನ ರಂಧ್ರಗಳ ವೃತ್ತದ ತ್ರಿಜ್ಯ. 'ಅ' ಎಂಬುದು ಹಬ್‌ನ ಮಧ್ಯದಿಂದ ಬಿಲ್ಲೆಗಿರುವ ಅಂತರ. 'ರಂ' ಎಂಬುದು ಕಡ್ಡಿಯ ರಂಧ್ರದ ತ್ರಿಜ್ಯ. 'ಕೋ' ಎಂಬುದು ಬಿಲ್ಲೆಯ ಎರಡು ರಂಧ್ರಗಳ ನಡುವಿನ ಕೋನವನ್ನು ಹಾಯುವಿಕೆಗಳ ಸಂಖ್ಯೆಯಿಂದ ಗುಣಿಸಿದಾಗ ಬರುವ ಕೋನ.

ಉದಾಹರಣೆಗೆ, 36 ಕಡ್ಡಿಗಳ ಚಕ್ರದಲ್ಲಿ ಪ್ರತಿ ಬಿಲ್ಲೆಗೆ 18 ರಂಧ್ರಗಳಿದ್ದು, ಅವುಗಳ ನಡುವಿನ ಕೋನ 20 ಡಿಗ್ರಿ. ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ಹಾಯ್ದರೆ ಕೋನ 60 ಡಿಗ್ರಿಯಾಗುತ್ತದೆ. 'ರಿ' 270, 'ಹ' 29, 'ಅ' 35 ಮತ್ತು 'ರಂ' 1.3 ಮಿ.ಮೀ. ಇದ್ದರೆ, ವರ್ಗಮೂಲದೊಳಗಿನ ಮೊತ್ತ 67,136 ಆಗಿ, ಕಡ್ಡಿಯ ಉದ್ದ ಸುಮಾರು 258 ಮಿ.ಮೀ. ಬರುತ್ತದೆ.

ಕಟ್ಟುವ ಕ್ರಮ

36 ಕಡ್ಡಿಗಳ ಚಕ್ರವನ್ನು ಕಟ್ಟುವಾಗ ಕಡ್ಡಿಗಳನ್ನು ಒಂಬತ್ತರಂತೆ ನಾಲ್ಕು ಗುಂಪುಗಳಾಗಿ ವಿಂಗಡಿಸುತ್ತಾರೆ.

1. ಮೊದಲ ಗುಂಪನ್ನು ಬಲಬದಿಯ ಬಿಲ್ಲೆಯಲ್ಲಿ ಒಂದು ಬಿಟ್ಟು ಒಂದು ರಂಧ್ರಕ್ಕೆ ಸೇರಿಸಿ, ವಾಲ್ವ್ ರಂಧ್ರದ ಪಕ್ಕದಿಂದ ಆರಂಭಿಸಿ ರಿಮ್‌ನ ಪ್ರತಿ ನಾಲ್ಕನೆಯ ರಂಧ್ರಕ್ಕೆ ಜೋಡಿಸುತ್ತಾರೆ.
2. ಎರಡನೆಯ ಗುಂಪನ್ನು ಎಡಬದಿಯ ಬಿಲ್ಲೆಯಿಂದ ಪಕ್ಕದ ರಂಧ್ರಗಳಿಗೆ ಜೋಡಿಸುತ್ತಾರೆ.
3. ಈ ಕಡ್ಡಿಗಳು ಓರೆಯಾಗುವಂತೆ ಹಬ್ಬನ್ನು ತಿರುಗಿಸಿ, ಉಳಿದ ಎರಡು ಗುಂಪುಗಳನ್ನು ವಿರುದ್ಧ ದಿಕ್ಕಿಗೆ ಓರೆಯಾಗಿಸಿ ಹಾಯಿಸುತ್ತಾರೆ. ಸಾಮಾನ್ಯವಾಗಿ ಮೂರನೆಯ ಹಾಯುವಿಕೆಯಲ್ಲಿ ಕಡ್ಡಿಗಳನ್ನು ಒಂದಕ್ಕೊಂದು ಹೆಣೆಯಲಾಗುತ್ತದೆ.
4. ತಿರುಪು ಗೆರೆಗಳಿಗೆ ಎಣ್ಣೆ ಸವರಿ, ಎಲ್ಲ ನಿಪ್ಪಲ್‌ಗಳನ್ನು ಒಂದೇ ಮಟ್ಟಕ್ಕೆ ತಿರುಗಿಸಿದ ಬಳಿಕವೇ ಬಿಗಿಯಲು ಆರಂಭಿಸುತ್ತಾರೆ.
5. ರಿಮ್ ಬಲಕ್ಕೆ ವಾಲಿದ್ದ ಕಡೆ ಎಡಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿದು, ಅಗತ್ಯವಿದ್ದರೆ ಬಲಬದಿಯವನ್ನು ಸಡಿಲಿಸುತ್ತಾರೆ. ಎಡಕ್ಕೆ ವಾಲಿದ್ದರೆ ಇದರ ವಿರುದ್ಧ. ರಿಮ್ ಹೊರಕ್ಕೆ ಉಬ್ಬಿದ್ದ ಕಡೆ ಎರಡೂ ಬದಿಯ ಕಡ್ಡಿಗಳನ್ನು ಬಿಗಿಯುತ್ತಾರೆ.
6. ಸಮಾನಾಂತರವಾಗಿರುವ ಕಡ್ಡಿಗಳನ್ನು ಜೋಡಿಯಾಗಿ ಕೈಯಲ್ಲಿ ಹಿಡಿದು ಬಲವಾಗಿ ಹಿಸುಕುತ್ತಾರೆ. ಇದರಿಂದ ಕಡ್ಡಿಯ ಕತ್ತುಗಳು ತಮ್ಮ ಸ್ಥಾನದಲ್ಲಿ ಸರಿಯಾಗಿ ಕೂರುತ್ತವೆ. ಬಳಿಕ ಚಕ್ರವನ್ನು ಮತ್ತೊಮ್ಮೆ ಪರೀಕ್ಷಿಸಿ ಸರಿಪಡಿಸಲಾಗುತ್ತದೆ.

ಸ್ಪೋಕ್ ಕೀಯನ್ನು ತಿರುಗಿಸುವ ದಿಕ್ಕಿನಲ್ಲಿ ಹೊಸಬರು ಹೆಚ್ಚಾಗಿ ತಪ್ಪುತ್ತಾರೆ. ಟೈರ್ ಕೂರುವ ಕಡೆಯಿಂದ ನೋಡಿದಾಗ ಪ್ರದಕ್ಷಿಣವಾಗಿ ತಿರುಗಿಸಿದರೆ ನಿಪ್ಪಲ್ ಬಿಗಿಯಾಗುತ್ತದೆ. ಹಬ್‌ನ ಕಡೆಯಿಂದ ನೋಡುವವರಿಗೆ ಅದೇ ತಿರುವು ಅಪ್ರದಕ್ಷಿಣವಾಗಿ ಕಾಣುತ್ತದೆ.

ಬಿಗಿತವನ್ನು ಅಳೆಯಲು ಮಾಪಕಗಳಿವೆ. ಹಲವು ಚಕ್ರಗಳಲ್ಲಿ ಪ್ರತಿ ಕಡ್ಡಿಗೆ ಸುಮಾರು 100ರಿಂದ 120 ಕಿಲೋಗ್ರಾಂ ಭಾರಕ್ಕೆ ಸಮನಾದ ಎಳೆತವನ್ನು ಕೊಡಲಾಗುತ್ತದೆ. ಮಾಪಕವಿಲ್ಲದಿದ್ದರೆ ಕಡ್ಡಿಯನ್ನು ಮೀಟಿ ನಾದವನ್ನು ಆಲಿಸುವ ಕ್ರಮವಿದೆ. ಒಂದೇ ಉದ್ದ, ಒಂದೇ ದಪ್ಪದ ಕಡ್ಡಿಗಳು ಸಮ ಬಿಗಿತದಲ್ಲಿದ್ದರೆ ಒಂದೇ ಶ್ರುತಿಯಲ್ಲಿ ನುಡಿಯುತ್ತವೆ. ತಗ್ಗಿದ ಶ್ರುತಿಯು ಸಡಿಲ ಕಡ್ಡಿಯನ್ನು ತೋರಿಸಿಕೊಡುತ್ತದೆ.

ಟ್ರಯಲ್ಸ್ ಸೈಕಲ್‌ಗಳ ಚಕ್ರ

ಟ್ರಯಲ್ಸ್ ಎಂಬುದು ಬಂಡೆ, ಮರದ ದಿಮ್ಮಿ ಮೊದಲಾದ ಅಡೆತಡೆಗಳನ್ನು ಕಾಲು ನೆಲಕ್ಕೆ ತಾಗಿಸದೆ ಸೈಕಲ್ ಮೇಲೆಯೇ ದಾಟುವ ಕ್ರೀಡೆ. ಮೋಟಾರ್‌ಸೈಕಲ್ ಟ್ರಯಲ್ಸ್‌ನಿಂದ ಪ್ರೇರಿತವಾದ ಇದು 1970ರ ದಶಕದಲ್ಲಿ ಸ್ಪೇನಿನ ಕ್ಯಾಟಲೋನಿಯಾದಲ್ಲಿ ರೂಪುಗೊಂಡಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 1986ರಿಂದ ಇದರ ವಿಶ್ವ ಚಾಂಪಿಯನ್‌ಷಿಪ್ ನಡೆಸುತ್ತಿದೆ. ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ ಅವರ 2009ರ ವಿಡಿಯೊದಿಂದ ನಗರದ ಗೋಡೆ, ಮೆಟ್ಟಿಲುಗಳ ಮೇಲಿನ ಇದೇ ಬಗೆಯ ಸವಾರಿಯು ವ್ಯಾಪಕವಾಗಿ ಪರಿಚಿತವಾಯಿತು.

ಸ್ಪರ್ಧೆಗಳಲ್ಲಿ 20 ಇಂಚು ಮತ್ತು 26 ಇಂಚು ಚಕ್ರಗಳ ವಿಭಾಗಗಳಿವೆ. ಸವಾರನು ಹಿಂಚಕ್ರದ ಮೇಲೆಯೇ ನಿಂತು ಜಿಗಿಯುವುದರಿಂದ, ಸವಾರ ಮತ್ತು ಸೈಕಲ್ಲಿನ ಪೂರ್ತಿ ಭಾರವು ಇಳಿಯುವ ರಭಸದೊಂದಿಗೆ ಆ ಚಕ್ರದ ಕೆಲವೇ ಕಡ್ಡಿಗಳ ಮೇಲೆ ಬೀಳುತ್ತದೆ. ಇದಕ್ಕಾಗಿ ಅಗಲವಾದ ರಿಮ್, ದಪ್ಪ ಟೈರ್ ಮತ್ತು ಕಡಿಮೆ ಗಾಳಿಯ ಒತ್ತಡವನ್ನು ಬಳಸುತ್ತಾರೆ. ತೂಕ ಇಳಿಸಲು ರಿಮ್‌ನ ನಡುಭಾಗದಲ್ಲಿ ದೊಡ್ಡ ರಂಧ್ರಗಳನ್ನು ಕೊರೆದಿರುತ್ತಾರೆ. ಹಲವು ಟ್ರಯಲ್ಸ್ ಸೈಕಲ್‌ಗಳಲ್ಲಿ ಫ್ರೀವೀಲ್ ಹಿಂಚಕ್ರದ ಬದಲು ಪೆಡಲಿನ ಅಚ್ಚಿನ ಬಳಿ ಇರುತ್ತದೆ. ಹಿಂಬದಿಯಲ್ಲಿ ಒಂದೇ ಹಲ್ಲುಚಕ್ರವಿರುವುದರಿಂದ, ಹಲವು ಗೇರುಗಳ ಸೈಕಲ್‌ಗೆ ಹೋಲಿಸಿದರೆ ಎರಡೂ ಬದಿಯ ಕಡ್ಡಿಗಳ ಬಿಗಿತದಲ್ಲಿ ವ್ಯತ್ಯಾಸವನ್ನು ಕಡಿಮೆ ಇಡಬಹುದು.

ಬ್ರೇಕ್ ಹಿಡಿದು ನಿಲ್ಲುವ ಮತ್ತು ಒಮ್ಮೆಗೇ ಪೆಡಲ್ ಒತ್ತಿ ಜಿಗಿಯುವ ಕ್ರಮದಿಂದ ಹಬ್ ಹಾಗೂ ರಿಮ್‌ಗಳ ನಡುವೆ ತಿರುಚುವ ಬಲವು ಪದೇ ಪದೇ ಹಾಯುತ್ತದೆ. ಓರೆಯಾಗಿ ಹಾಯ್ದ ಕಡ್ಡಿಗಳು ಈ ಬಲವನ್ನು ಸಾಗಿಸುತ್ತವೆ. ನೇರವಾಗಿ ಜೋಡಿಸಿದ ಕಡ್ಡಿಗಳು ಇದಕ್ಕೆ ತಕ್ಕವಲ್ಲ. ರಿಮ್ ಬ್ರೇಕ್ ಬಳಸುವವರು ಹಿಡಿತ ಹೆಚ್ಚಿಸಲು ರಿಮ್‌ನ ಬದಿಯನ್ನು ಉಜ್ಜುಯಂತ್ರದಿಂದ ಒರಟಾಗಿಸುವುದುಂಟು. ಬ್ರೇಕ್ ಕಟ್ಟೆಗಳು ರಿಮ್‌ಗೆ ತೀರ ಹತ್ತಿರವಿರುವುದರಿಂದ ಅಲ್ಪ ಬೆಂಡ್ ಕೂಡ ಸವಾರಿಗೆ ಅಡ್ಡಿಯಾಗುತ್ತದೆ.

ಕರ್ನಾಟಕದಲ್ಲಿ

ರಾಜ್ಯದ ಗ್ರಾಮೀಣ ಭಾಗದಲ್ಲಿ ದೀರ್ಘಕಾಲ ಬಳಕೆಯಲ್ಲಿರುವುದು 28 ಇಂಚಿನ ಚಕ್ರಗಳ, ಸರಳು ಬ್ರೇಕಿನ ಸೈಕಲ್. ಇದರ ಮುಂಚಕ್ರಕ್ಕೆ 32, ಹಿಂಚಕ್ರಕ್ಕೆ 40 ಕಡ್ಡಿಗಳಿರುವುದು ವಾಡಿಕೆ. ಸವಾರನ ಭಾರದ ಹೆಚ್ಚಿನ ಪಾಲೂ ಕ್ಯಾರಿಯರ್ ಮೇಲಿನ ಹೊರೆಯೂ ಹಿಂಚಕ್ರದ ಮೇಲೆ ಬೀಳುವುದರಿಂದ ಈ ಹಂಚಿಕೆ ಸಹಜವಾಗಿದೆ. ಸರಳು ಬ್ರೇಕಿನ ಕಟ್ಟೆಗಳು ರಿಮ್‌ನ ಒಳಮುಖಕ್ಕೆ ಒತ್ತುವುದರಿಂದ ಇಲ್ಲಿ ಪಕ್ಕದ ಓಲಾಟಕ್ಕಿಂತ ಮೇಲುಕೆಳಗಿನ ಉಬ್ಬುತಗ್ಗುಗಳು ಬ್ರೇಕಿಗೆ ಹೆಚ್ಚು ತೊಂದರೆ ಕೊಡುತ್ತವೆ.

ರಾಜ್ಯ ಸರ್ಕಾರವು 2006-07ರಲ್ಲಿ 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಹೋಬಳಿ ಕೇಂದ್ರಗಳ ಶಾಲೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಬರುವ ಮಕ್ಕಳಿಗೆ ಸೈಕಲ್ ನಿತ್ಯದ ವಾಹನವಾಗಬಲ್ಲದು. ದಿನಕ್ಕೆ ಹತ್ತು ಕಿಲೋಮೀಟರ್ ಸಾಗುವ ಸೈಕಲ್ಲಿನ ಪ್ರತಿ ಕಡ್ಡಿಯೂ ಸುಮಾರು 4,500 ಬಾರಿ ಸಡಿಲಗೊಂಡು ಬಿಗಿಯಾಗುತ್ತದೆ. ಹೊಸ ಸೈಕಲ್ಲಿನ ಕಡ್ಡಿಗಳು ಆರಂಭದ ಓಡಾಟದಲ್ಲಿ ತಮ್ಮ ಸ್ಥಾನಕ್ಕೆ ಕೂತು ತುಸು ಸಡಿಲಗೊಳ್ಳುವುದರಿಂದ, ಕೆಲವು ವಾರಗಳ ಬಳಿಕ ಅವನ್ನು ಮತ್ತೊಮ್ಮೆ ಬಿಗಿಸುವುದು ಚಕ್ರದ ಬಾಳಿಕೆಗೆ ಮುಖ್ಯವಾಗಿದೆ.

ದೋಷಗಳು ಮತ್ತು ಎಚ್ಚರಿಕೆ

ಒಂದು ಕಡ್ಡಿ ಮುರಿದಾಗ ಅದರ ಪಾಲಿನ ಕೆಲಸ ಅಕ್ಕಪಕ್ಕದ ಕಡ್ಡಿಗಳ ಮೇಲೆ ಬಿದ್ದು, ರಿಮ್ ವಿರುದ್ಧ ಬದಿಗೆ ವಾಲುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಉಳಿದ ಕಡ್ಡಿಗಳೂ ಒಂದರ ನಂತರ ಒಂದು ಮುರಿಯಬಹುದು. ಹಲವು ಕಡ್ಡಿಗಳು ಅಲ್ಪ ಕಾಲದಲ್ಲಿ ಮುರಿದರೆ, ಮುರಿದವನ್ನು ಮಾತ್ರ ಬದಲಿಸುವುದಕ್ಕಿಂತ ಚಕ್ರವನ್ನು ಪೂರ್ತಿ ಹೊಸ ಕಡ್ಡಿಗಳಿಂದ ಕಟ್ಟಿಸುವುದು ಸೂಕ್ತ. ಅತಿಯಾದ ಬಿಗಿತವೂ ದೋಷವೇ: ಅದರಿಂದ ನಿಪ್ಪಲ್‌ನ ಮೂಲೆಗಳು ಸವೆಯುತ್ತವೆ, ರಿಮ್‌ನ ರಂಧ್ರಗಳ ಸುತ್ತ ಬಿರುಕು ಕಾಣಿಸಿಕೊಳ್ಳುತ್ತದೆ.

ಬಾಗಿದ ರಿಮ್ಮನ್ನು ಕಡ್ಡಿಗಳ ಎಳೆತದಿಂದಲೇ ಬಲವಂತವಾಗಿ ನೇರಗೊಳಿಸಿದರೆ ಚಕ್ರವು ಕಣ್ಣಿಗೆ ಸರಿಯಾಗಿ ಕಂಡರೂ ಕೆಲವು ಕಡ್ಡಿಗಳು ಅತಿ ಬಿಗಿಯಾಗಿಯೂ ಕೆಲವು ಸಡಿಲವಾಗಿಯೂ ಉಳಿಯುತ್ತವೆ. ಅಂತಹ ಚಕ್ರವು ಬೇಗನೆ ಮತ್ತೆ ಸೊಟ್ಟಗಾಗುತ್ತದೆ. ಆದುದರಿಂದ ಚಕ್ರವು ನೇರವಾಗಿ ತಿರುಗುತ್ತಿದೆಯೇ ಎಂಬುದರ ಜೊತೆಗೆ, ಪ್ರತಿ ಬದಿಯ ಕಡ್ಡಿಗಳ ಬಿಗಿತ ಸಮನಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕಾಗುತ್ತದೆ.