ದೋಣಿಯ ಬಂಡಿಗೆ ಎರಡು ದೀಪ

ನಮ್ಮ ಚಂದ್ರಗಿರಿ ಹೊಳೆಯ ದೋಣಿ ಡಾಂಬರು ರಸ್ತೆ ಹತ್ತುವುದು ಅಪರೂಪ. ಅಮೇರಿಕದ ಫ್ಲೋರಿಡಾದಲ್ಲಿ ಅನೇಕರ ದೋಣಿ ಮನೆಯಂಗಳದಲ್ಲೇ ಇರುತ್ತದೆ. ರಜೆ ಬಂತೆಂದರೆ ಟ್ರೇಲರ್ ಎಂಬ ಬಂಡಿಯೇರಿ ಕಾರಿನ ಹಿಂದೆ ಹೊರಡುತ್ತದೆ. ಹೋದ ಬೇಸಗೆಯಲ್ಲಿ ತಮ್ಮನ ಮನೆಗೆ ಹೋಗಿದ್ದಾಗ ಇದನ್ನು ಕಣ್ಣಾರೆ ಕಂಡೆ.

ಈ ಬಂಡಿ ಕಾರಿಗಿಂತ ಅಗಲ. ಇರುಳಲ್ಲಿ ಎದುರಿನಿಂದ ಬರುವವನಿಗೆ ಕಾರಿನ ದೀಪ ಕಾಣುತ್ತದೆಯೇ ಹೊರತು ಅದರಾಚೆ ಚಾಚಿದ ಬಂಡಿಯ ಚಕ್ರ ಕಾಣುವುದಿಲ್ಲ. ಆದುದರಿಂದ 80 ಇಂಚು ಅಥವಾ ಅದಕ್ಕೂ ಹೆಚ್ಚು ಅಗಲದ ಬಂಡಿಗೆ ಅಗಲ ತೋರಿಸುವ ದೀಪ ಬೇಕೆಂದು ಅಲ್ಲಿನ ನಿಯಮ. ದೋಣಿಯ ಬಂಡಿಗೆ ಒಂದು ವಿನಾಯಿತಿಯುಂಟು: ಹಿಂದೆ ಮುಂದೆ ಬೇರೆ ಬೇರೆ ದೀಪ ಬೇಡ, ಎರಡು ಪಕ್ಕಗಳ ನಡುಭಾಗದಲ್ಲಿ ಮುಂದಕ್ಕೆ ಹಳದಿ, ಹಿಂದಕ್ಕೆ ಕೆಂಪು ಬೆಳಕು ತೋರಿದರೆ ಸಾಕು.

ತಮ್ಮನ ಬಂಡಿಯ ಎಡದ ದೀಪ ಕೆಟ್ಟಿತ್ತು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುವುದರಿಂದ ಎದುರಿನವನಿಗೆ ಹತ್ತಿರವಾಗುವುದು ಎಡದ ದೀಪವೇ. ಹಿಂದಿನ ವಾರ ಮುಸ್ಸಂಜೆಯಲ್ಲಿ ಒಂದು ಲಾರಿ ಕೈಯಳತೆಯಲ್ಲಿ ಸರಿದು ಹೋಗಿತ್ತಂತೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ದೋಣಿ ತೇಲುವ ತನಕ ಬಂಡಿಯನ್ನು ನೀರಿಗೆ ಇಳಿಸಬೇಕು. ಉರಿದು ಬಿಸಿಯಾದ ಬಲ್ಬು ತಣ್ಣೀರು ತಾಗಿದೊಡನೆ ಒಡೆಯುವುದುಂಟು. ಸಮುದ್ರದ ಉಪ್ಪು ತಂತಿಯನ್ನು ತಿನ್ನುತ್ತದೆ. ಇದಕ್ಕಾಗಿ ತಮ್ಮ ನೀರು ಹೊಗದ ಎಲ್‌ಇಡಿ ದೀಪ ತಂದು ಬಿಗಿದ. ಉರಿಯಲಿಲ್ಲ. ಇನ್ನೊಂದು ತಂದ, ಅದೂ ಉರಿಯಲಿಲ್ಲ.

"ಅಂಗಡಿಯವ ಮೋಸ ಮಾಡಿದ ಅಣ್ಣಾ" ಎಂದ.

ಸೆಲ್ಲು, ಬಲ್ಬು, ಎರಡು ತಂತಿ: ವರ್ಷಕ್ಕೊಮ್ಮೆ ತರಗತಿಯಲ್ಲಿ ಮಾಡಿ ತೋರಿಸುವ ಪಾಠ ನನ್ನದು. ಕಂದು ತಂತಿಯಲ್ಲಿ ವಿದ್ಯುತ್ತು ದೀಪಕ್ಕೆ ಬರುತ್ತಿತ್ತು. ಹಿಂದಿರುಗುವ ಬಿಳಿ ತಂತಿಯನ್ನು ತಮ್ಮ ಹಳೆಯ ದೀಪದ ತಿರುಪಿಗೇ ಸುತ್ತಿದ್ದ. ಆ ತಿರುಪು ತುಕ್ಕು ಹಿಡಿದು ಚೌಕಟ್ಟಿನ ಸಂಪರ್ಕವೇ ತಪ್ಪಿತ್ತು. ಬೇರೊಂದು ತಂತಿಯನ್ನು ಅಲ್ಲಿಂದ ಮುಂದಿನ ಪ್ಲಗ್ಗಿನ ಬಿಳಿ ತಂತಿಗೆ ಮುಟ್ಟಿಸಿದೆ, ದೀಪ ಹತ್ತಿತು. ಅಂಗಡಿಯವ ಪಾಪ, ನಿರ್ದೋಷಿ.

ಆ ತಂತಿಯನ್ನೇ ಖಾಯಂ ಮಾಡಿ, ಬಿಸಿ ತಾಗಿದರೆ ಕುಗ್ಗಿ ಅಂಟಿಕೊಳ್ಳುವ ಕೊಳವೆಯನ್ನು ಜೋಡಣೆಗೆ ತೊಡಿಸಿದೆವು. ಬಂಡಿಯ ಮೂತಿಯನ್ನು ಕಾರಿನ ಉಕ್ಕಿನ ಗುಂಡಿನ ಮೇಲೆ ಕೂರಿಸುವ ಮೊದಲೇ ಪ್ಲಗ್ಗು ಹಾಕಿ ನೋಡಬೇಕು. ಕೂರಿಸಿದ ಮೇಲೆ ಮಾತ್ರ ದೀಪ ಹತ್ತುವುದಾದರೆ ವಿದ್ಯುತ್ತು ಗುಂಡಿನ ಮೂಲಕ ಹಿಂದಿರುಗುತ್ತಿದೆ ಎಂದರ್ಥ. ದಾರಿಯ ಕುಲುಕಾಟಕ್ಕೆ ಅದು ಕೈಕೊಡುತ್ತದೆ. ನಾವು ಹಾಗೆಯೇ ಪರೀಕ್ಷಿಸಿದೆವು.

ಕತ್ತಲಾದ ಮೇಲೆ ತಮ್ಮನ ಕಿರಿಮಗಳು ಅಂಗಳದ ಆ ತುದಿಗೆ ಓಡಿ ನಿಂತು ಕೂಗಿದಳು: "ಎರಡೂ ಕಾಣ್ತದೆ ದೊಡ್ಡಪ್ಪಾ!"